ತಡವಾಗಿ ಬಂದ ಮಕ್ಕಳ ಪುಸ್ತಕ

ನಾನು ಬರೆದ ಪುಸ್ತಕವನ್ನು ಯಾವ ಮಗುವೂ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ಓದಿದ್ದನ್ನು ನಾನು ಕಂಡಿಲ್ಲ. ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಮಕ್ಕಳಿಗಾಗಿ ಐದು ಪುಸ್ತಕ ಬರೆದಿದ್ದೇನೆ. ಮಕ್ಕಳು ಅವನ್ನು ಓದುವುದಿಲ್ಲ ಎಂದಲ್ಲ. ಓದಿ ಎಂದಾಗ ಓದುತ್ತಾರೆ. ಹಟಮಾರಿ ಮೋಡ, ಸುಳ್ಳು ಹೇಳಿ ಸಿಕ್ಕಿಬಿದ್ದ ಗಿಣಿ, ಹಂಚಿ ತಿನ್ನಲು ಕಲಿತ ಅಳಿಲು. ಓದಿ ಮುಗಿಸಿ, ನೀತಿ ಏನೆಂದು ಕೇಳಿದರೆ ಸರಿಯಾಗಿ ಹೇಳಿ, ಪುಸ್ತಕ ಮುಚ್ಚಿ ಆಟಕ್ಕೆ ಓಡುತ್ತಾರೆ.

ಆ ದಿನ ಆರನೇ ತರಗತಿಗೆ ಸಂಧಿ ಹೇಳಿಕೊಡುತ್ತಿದ್ದೆ. ಕೊನೆಯ ಬೆಂಚಿನ ಹುಡುಗಿ ತಲೆ ಎತ್ತಿರಲಿಲ್ಲ. ಹತ್ತಿರ ಹೋದರೆ ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ನಾನು ಬಂದದ್ದೂ ಗೊತ್ತಾಗಿರಲಿಲ್ಲ. ಕೈ ಚಾಚಿ ಪುಸ್ತಕ ತೆಗೆದುಕೊಂಡೆ.

"ಮಿಸ್, ಇನ್ನು ನಾಲ್ಕೇ ಪುಟ ಇದೆ ಮಿಸ್. ಪ್ಲೀಸ್ ಮಿಸ್."

ಮುಖಪುಟ ನೋಡಿದೆ. ಬರೆದವಳ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. "ನಾಳೆ ಕೊಡ್ತೀನಿ" ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಪಾಠ ಮುಗಿದ ಮೇಲೆ ಕೊಡಬಹುದಿತ್ತು. ಕೊಡಲಿಲ್ಲ. ಆ ನಾಲ್ಕು ಪುಟಕ್ಕೆ ಅವಳು ಒಂದು ರಾತ್ರಿ ಕಾಯಲಿ ಎಂದು ನನಗೆ ಅನ್ನಿಸಿದ್ದು ನಿಜ.

ಆ ಪುಸ್ತಕ ಬರೆದವಳು ನನಗೆ ಸಿಕ್ಕಿದ್ದು ಏಳು ವರ್ಷದ ಹಿಂದೆ, ಶಿಕ್ಷಕರಿಗಾಗಿ ನಡೆದ ಒಂದು ಕಥಾ ಕಮ್ಮಟದಲ್ಲಿ. ಅಲ್ಲಿ ಕಥೆ ಬರೆಯುವುದು ಹೇಗೆಂದು ಹೇಳಿಕೊಡಲು ನನ್ನನ್ನು ಕರೆದಿದ್ದರು. ಅವಳು ಉದಯಗಿರಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್, ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ಅವಳ ಅಪ್ಪ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದವರು, ಮೇಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಸಂಸಾರ ಸಮೇತ ಇಲ್ಲಿಗೆ ಬಂದಿದ್ದರು. ಒಂದೇ ನಲ್ಲಿಯ ವಠಾರದಲ್ಲಿ ಬೆಳೆದವಳು ಅವಳು. ಕಮ್ಮಟ ಮುಗಿದು ಎಲ್ಲರೂ ಎದ್ದಾಗ ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದು, "ಮೇಡಂ, ನಾನು ಬರ್ದಿರೋದು ಒಸಿ ನೋಡ್ತೀರಾ?" ಎಂದಳು.

"ಭಾನುವಾರ ಮನೆಗೆ ಬಾ" ಎಂದೆ.

ಹಾಗೆ ಶುರುವಾಯಿತು. ಎರಡು ವರ್ಷ, ಹೆಚ್ಚುಕಮ್ಮಿ ಪ್ರತಿ ಭಾನುವಾರ ಬೆಳಿಗ್ಗೆ ಬರುತ್ತಿದ್ದಳು. ನಮ್ಮ ಮನೆಯ ನಡುಮನೆಯಲ್ಲಿ ತಾತನ ಕಾಲದ ಗಾಜಿನ ಬೀರು ಇದೆ. ತಾತ ಅರಮನೆಯ ಕಚೇರಿಯಲ್ಲಿ ಕಾಗದಪತ್ರ ಬರೆಯುವ ಕೆಲಸದಲ್ಲಿದ್ದರು, ಅಪ್ಪ ಸಂಸ್ಕೃತದ ಮೇಷ್ಟ್ರು. ಇಬ್ಬರ ಪುಸ್ತಕಗಳೂ ಆ ಬೀರುವಿನಲ್ಲಿವೆ. ಅವಳು ಕುರ್ಚಿಯ ತುದಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ನಾನು ಕಾಫಿ ಕೊಟ್ಟು, ಕೆಂಪು ಪೆನ್ನು ಹಿಡಿದು ಅವಳ ಕಥೆ ತಿದ್ದುತ್ತಿದ್ದೆ. ಹೇಳಿಕೊಡುವವರಿಗೆ ಇರುವ ಸುಖವೇ ಬೇರೆ. ಎದುರಿಗೆ ಕೂತವರು ತಲೆಯಾಡಿಸುತ್ತಿದ್ದರೆ ನಮಗೆ ಎಲ್ಲವೂ ಗೊತ್ತಿದೆ ಎನ್ನಿಸುತ್ತದೆ.

ಅವಳ ಕಥೆಯ ಮಕ್ಕಳು 'ಎಂಗೆ', 'ಅಂಗೇ', 'ಬಂದ್ಬುಟ್ಟೆ' ಎಂದು ಮಾತಾಡುತ್ತಿದ್ದರು. ನಾನು ಒಂದೊಂದನ್ನೂ ಹೊಡೆದುಹಾಕಿ ಹೇಗೆ, ಹಾಗೇ, ಬಂದುಬಿಟ್ಟೆ ಎಂದು ಮಾಡುತ್ತಿದ್ದೆ. "ಮಕ್ಕಳಿಗೆ ಶುದ್ಧ ಭಾಷೆ ಕೊಡಬೇಕು ಕಣಮ್ಮ" ಎನ್ನುತ್ತಿದ್ದೆ. ಅವಳು "ಹ್ಞೂ ಮೇಡಂ" ಎನ್ನುತ್ತಿದ್ದಳು.

ಒಂದು ಭಾನುವಾರ ಹೊಸ ಕಥೆ ತಂದಳು. ಶಾಲೆಗೆ ತಡವಾಗಿ ಬಂದು ಹೊರಗೆ ನಿಲ್ಲುವ ಐದು ಮಕ್ಕಳ ಕಥೆ. ದಿನವೂ ಅದೇ ಐದು ಜನ. ನಿಂತು ನಿಂತು ಬೇಸರವಾಗಿ ಒಬ್ಬರನ್ನೊಬ್ಬರು ಕೇಳಿಕೊಂಡಾಗ ತಿಳಿಯುತ್ತದೆ, ಎಲ್ಲರದೂ ಒಂದೇ ಬೀದಿ. ಆ ಬೀದಿಗೆ ನೀರು ಬಿಡುವುದು ಸರಿಯಾಗಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ. ದೊಡ್ಡವರೆಲ್ಲ ಅಷ್ಟು ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಾರೆ, ಕೊಡ ತುಂಬುವವರು ಮಕ್ಕಳೇ. ಅವರು ಶಾಲೆಯ ವರಾಂಡದ ಮೇಲೆ ಸೀಮೆಸುಣ್ಣದಲ್ಲಿ ಆ ಬೀದಿಯ ನಕ್ಷೆ ಬರೆಯುತ್ತಾರೆ, ನಲ್ಲಿಗಳನ್ನು ಗುರುತು ಮಾಡುತ್ತಾರೆ. ಬೈಯಲು ಬಂದ ಹೆಡ್‌ಮಾಸ್ಟರು ಅದನ್ನು ನೋಡುತ್ತಾ ನಿಂತುಬಿಡುತ್ತಾರೆ. ಅರ್ಜಿ ಬರೆಯುವುದು, ಕಚೇರಿಗೆ ಹೋಗುವುದು ಎಲ್ಲ ಆಗುತ್ತದೆ. ಕೊನೆಯಲ್ಲಿ ನೀರಿನ ಸಮಯ ಬದಲಾಗುವುದಿಲ್ಲ. ಆದರೆ ಮಾರನೆಯ ದಿನ ಆ ಐವರ ಜೊತೆ ತರಗತಿಯ ಉಳಿದ ಮಕ್ಕಳೂ ಹೊರಗೆ ಬಂದು ನಿಲ್ಲುತ್ತಾರೆ.

ನಾನು ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆದೆ: 'ಎಳೆಮನಸ್ಸಿಗೆ ಹೊರಲಾರದ ಮೂಟೆ.' ಆಮೇಲೆ ಬಾಯಲ್ಲೂ ಹೇಳಿದೆ. "ನೀರು, ಅರ್ಜಿ, ಕಚೇರಿ, ಇದೆಲ್ಲ ರಾಜಕೀಯ. ಮಕ್ಕಳಿಗೆ ಬೇಡ. ಹುಡುಗಿ ದಾರೀಲಿ ಚಿಟ್ಟೆ ನೋಡ್ತಾ ನಿಂತು ತಡ ಮಾಡ್ತಾಳೆ ಅಂತ ಮಾಡು, ಸೊಗಸಾಗಿರುತ್ತೆ."

ಅವಳು ನಕ್ಕಳು. "ಚಿಟ್ಟೆ ನೋಡಕ್ಕೆ ಅವ್ಳಿಗೆ ಪುರುಸೊತ್ತೆಲ್ಲಿ ಮೇಡಂ?"

ನಾನೂ ನಕ್ಕೆ. ಚೆನ್ನಾಗಿ ಮಾತಾಡುತ್ತಾಳೆ ಎಂದುಕೊಂಡೆ ಅಷ್ಟೆ.

ಆಮೇಲೆ ಅವಳ ಮದುವೆಯಾಯಿತು, ಮಗುವಾಯಿತು, ಭಾನುವಾರಗಳು ನಿಂತವು. ಆ ಕಥೆ ಪುಸ್ತಕವಾಗಿ ಬಂದಾಗ ಒಂದು ಪ್ರತಿ ಕಳಿಸಿದ್ದಳು. 'ಕೈ ಹಿಡಿದು ಬರೆಸಿದ ಮೇಡಂಗೆ' ಎಂದು ಮೊದಲ ಪುಟದಲ್ಲಿತ್ತು. ಅಷ್ಟನ್ನು ಓದಿ ಹಳೇ ಪೇಪರುಗಳ ಕೆಳಗೆ ಇಟ್ಟಿದ್ದೆ. ಒಳಗಿನ ಪುಟ ತೆರೆದದ್ದು ಹುಡುಗಿಯ ಕೈಯಿಂದ ಕಿತ್ತುಕೊಂಡ ಪ್ರತಿಯಲ್ಲೇ.

ಆ ಸಂಜೆ ಒಲೆಯ ಮೇಲೆ ಸಾರು ಇಟ್ಟು ಓದಲು ಕೂತೆ. ಸಾರು ಬತ್ತಿ ತಳ ಹಿಡಿಯಿತು. ನಾನು ತಿದ್ದಿದ್ದ ಒಂದೊಂದು 'ಹೇಗೆ'ಯನ್ನೂ ಅವಳು ಮತ್ತೆ 'ಎಂಗೆ' ಮಾಡಿದ್ದಳು. ಮಕ್ಕಳು ಬಾಯಿ ತೆರೆದರೆ ನನ್ನ ಎದುರಿಗೇ ನಿಂತು ಮಾತಾಡಿದಂತಿತ್ತು. ಹೊರಗೆ ನಿಂತ ಹುಡುಗಿ ಒಳಗೆ ನಡೆಯುತ್ತಿರುವ ಪಾಠವನ್ನು ಕಿಟಕಿಯಿಂದ ಕೇಳಿಸಿಕೊಂಡು, ಒಳಗಿದ್ದವರಿಗಿಂತ ಮೊದಲೇ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವ ಜಾಗಕ್ಕೆ ಬಂದಾಗ ಪುಸ್ತಕ ಮಡಿಸಿ ಎದ್ದುಬಿಟ್ಟೆ. ಇಪ್ಪತ್ತಾರು ವರ್ಷ ಮಕ್ಕಳನ್ನು ಹೊರಗೆ ನಿಲ್ಲಿಸಿದವಳು ನಾನು. ನಮ್ಮೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಮೊದಲ ಪಾಳಿಗೆ ಹೋಗುವ ತಾಯಿಯ ಮಗಳೊಬ್ಬಳು ತಂಗಿಗೆ ತಲೆ ಬಾಚಿ, ತಿಂಡಿ ತಿನ್ನಿಸಿ ಕರೆದುಕೊಂಡು ಬರುವಷ್ಟರಲ್ಲಿ ದಿನವೂ ತಡವಾಗುತ್ತಿತ್ತು. ಅದು ನನಗೆ ತಿಳಿದದ್ದು ಅವಳು ಶಾಲೆ ಬಿಟ್ಟುಹೋದ ಮೇಲೆ. ಆ ಕಥೆ ನನ್ನ ಬಾಗಿಲ ಹೊರಗೇ ನಿಂತಿತ್ತು. ಬರೆದವಳು ಬೇರೆಯವಳು.

ನಾಚಿಕೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಮರ್ಯಾದೆ ಕೊಡುವುದಿಲ್ಲ. ಪೇಪರಿನಲ್ಲಿ ಅವಳ ಪುಸ್ತಕದ ಬಗ್ಗೆ ಬರೆದಿದ್ದರೆ ಆ ಪುಟವನ್ನು ಬೇಗ ಮಗುಚಿಹಾಕುತ್ತಿದ್ದೆ, ಆಮೇಲೆ ಒಬ್ಬಳೇ ಇದ್ದಾಗ ತೆಗೆದು ಎರಡು ಸಲ ಓದುತ್ತಿದ್ದೆ. ಸಭೆಗಳಲ್ಲಿ ಯಾರಾದರೂ "ಇವರೇ ಅವರ ಗುರುಗಳು" ಎಂದು ನನ್ನನ್ನು ಪರಿಚಯಿಸಿದರೆ ನಗುನಗುತ್ತಾ ಕೈ ಮುಗಿಯುತ್ತಿದ್ದೆ. ಒಳಗೆ ಉರಿಯುತ್ತಿತ್ತು. ನನ್ನ ಐದು ಪುಸ್ತಕಗಳು ಎಲ್ಲಿ ಹೋದವು?

ಅದೇ ವರ್ಷ ಮಕ್ಕಳ ಪುಸ್ತಕಗಳಿಗೆ ಬಹುಮಾನ ಕೊಡುವ ಒಂದು ಟ್ರಸ್ಟಿನವರು ಮೂವರು ತೀರ್ಪುಗಾರರಲ್ಲಿ ನನ್ನನ್ನೂ ಸೇರಿಸಿದರು. ಪಟ್ಟಿಯಲ್ಲಿ ಅವಳ ಪುಸ್ತಕವಿತ್ತು. ನಾನು ಅವಳಿಗೆ ಪಾಠ ಹೇಳಿದವಳು, ಆಗುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ವರದಿಯಲ್ಲಿ ಹೀಗೆ ಬರೆದೆ: ನಿರೂಪಣೆ ಸೊಗಸಾಗಿದೆ, ಆದರೆ ಮಕ್ಕಳ ಸಾಹಿತ್ಯಕ್ಕೆ ರಾಜಕೀಯ ಸಲ್ಲದು, ಇದು ಎಳೆಮನಸ್ಸಿಗೆ ಹೊರಲಾರದ ಮೂಟೆ.

ಉಳಿದ ಇಬ್ಬರಿಗೂ ಪುಸ್ತಕ ಇಷ್ಟವಾಗಿತ್ತು. ಅವರಲ್ಲಿ ಒಬ್ಬರು ನಿವೃತ್ತ ಪ್ರಾಧ್ಯಾಪಕರು. "ಇದರಲ್ಲಿ ರಾಜಕೀಯ ಎಲ್ಲಿದೆ ಮೇಡಂ? ನೀರಿದೆ, ಅಷ್ಟೆ" ಎಂದರು.

ನಾನು ಅರ್ಧ ಗಂಟೆ ವಾದ ಮಾಡಿದೆ. ಮಕ್ಕಳ ಮುಗ್ಧತೆ, ಕಲ್ಪನೆ, ಬಾಲ್ಯದ ಹಕ್ಕು, ದೊಡ್ಡ ದೊಡ್ಡ ಮಾತುಗಳೆಲ್ಲ ಬಂದವು. ಅಷ್ಟು ಚೆನ್ನಾಗಿ ನಾನು ತರಗತಿಯಲ್ಲೂ ಮಾತಾಡಿದವಳಲ್ಲ. ಕೊನೆಗೆ ಇನ್ನೊಬ್ಬರು ಒಪ್ಪಿದರು, ಪ್ರಾಧ್ಯಾಪಕರೂ ಸೋತರು. "ಸ್ವಂತ ಶಿಷ್ಯೆಯ ಪುಸ್ತಕವನ್ನೇ ಬೇಡ ಅಂತಿದ್ದೀರಿ ಅಂದ್ರೆ ಇದಕ್ಕಿಂತ ನಿಷ್ಪಕ್ಷಪಾತ ಬೇಕೇನ್ರೀ?" ಎಂದರು. ಬಹುಮಾನ ಗ್ರಹಗಳ ಮೇಲಿನ ಒಂದು ಪದ್ಯ ಸಂಕಲನಕ್ಕೆ ಹೋಯಿತು. ಅಂದು ಮನೆಗೆ ಬರುವಾಗ ಮಾರುಕಟ್ಟೆಯಲ್ಲಿ ಇಳಿದು ಒಂದು ಮಾರು ಮಲ್ಲಿಗೆ ಕೊಂಡು ಮುಡಿದುಕೊಂಡೆ. ಹಬ್ಬವಿರಲಿಲ್ಲ, ಹರಿದಿನವಿರಲಿಲ್ಲ.

ಆ ಕೊನೆಯ ಬೆಂಚಿನ ಹುಡುಗಿಗೆ ಪುಸ್ತಕವನ್ನು ಎಂದೋ ವಾಪಸು ಕೊಟ್ಟಿದ್ದೆ. ಅವಳಿಂದ ಅದು ತರಗತಿಯೆಲ್ಲ ಸುತ್ತಿ ಶಾಲೆಯ ಲೈಬ್ರರಿಗೂ ಬಂದಿತ್ತು. ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿದು ತರಗತಿಗೆ ಹೋದರೆ ಆ ಹುಡುಗಿ ಬಾಗಿಲ ಹೊರಗೆ ನಿಂತಿದ್ದಳು.

"ತಡವಾಯ್ತಾ?"

"ಇಲ್ಲ ಮಿಸ್. ಬೇಗ ಬಂದೆ. ಹೊರಗೆ ನಿಂತ್ರೆ ಏನೇನು ಕಾಣುತ್ತೆ ಅಂತ ನೋಡ್ತಿದ್ದೆ."

"ಏನು ಕಂಡಿತು?"

ಅವಳು ಎದುರಿನ ಸ್ಟಾಫ್ ರೂಮಿನ ಕಡೆ ಬೆರಳು ತೋರಿಸಿದಳು. "ಮಿಸ್, ನಿಮ್ಮೆಲ್ಲರ ಲೋಟ ತಟ್ಟೇಲಿ ಬೋರಲು ಹಾಕಿರುತ್ತೆ. ಆಯಮ್ಮನ ಲೋಟ ಒಂದೇ ಯಾಕೆ ಆಚೆ ಕಿಟಕಿ ಮೇಲಿದೆ?"

ನಮ್ಮ ಶಾಲೆಯಲ್ಲಿ ಕಸ ಗುಡಿಸಿ, ಶೌಚಾಲಯ ತೊಳೆಯುವ ಹೆಂಗಸನ್ನು ಎಲ್ಲರೂ ಆಯಮ್ಮ ಎನ್ನುತ್ತೇವೆ. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಅವಳ ಸ್ಟೀಲ್ ಲೋಟ ಇರುತ್ತಿತ್ತು. ಅದನ್ನು ಅಲ್ಲಿ ಇಟ್ಟವರು ಯಾರು ಎಂದರೆ ಯಾರೂ ಇಲ್ಲ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಹಾಗೇ ಇತ್ತು. ಹನ್ನೊಂದು ಗಂಟೆಗೆ ಕಾಫಿ ಬಂದಾಗ ಅವಳು ಕಿಟಕಿಯಾಚೆ ಲೋಟ ಹಿಡಿದು ನಿಲ್ಲುತ್ತಿದ್ದಳು, ನಮ್ಮಲ್ಲಿ ಒಬ್ಬರು ಫ್ಲಾಸ್ಕನ್ನು ಮೇಲೆತ್ತಿ, ತಾಗದ ಹಾಗೆ ಸುರಿಯುತ್ತಿದ್ದರು. ನಾನೂ ಸುರಿದಿದ್ದೇನೆ. ಎಷ್ಟೋ ವರ್ಷ.

"ಪಾಠಕ್ಕೆ ನಡಿ" ಎಂದೆ.

ಮಕ್ಕಳು ಆಯಮ್ಮನನ್ನೇ ಹೋಗಿ ಕೇಳಿದರು. ಅವಳಿಗೆ ಸಿಟ್ಟು ಬಂತು. ನನ್ನ ಹತ್ತಿರ ಬಂದು, "ನೋಡಿ ಮಿಸ್ಸಮ್ಮ, ನನ್ ಲೋಟದ ಸುದ್ದಿ ನಿಮ್ ಮಕ್ಳಿಗೆ ಯಾಕೆ? ನಾಳೆ ನನ್ ಕೆಲ್ಸ ಓಯ್ತು ಅಂದ್ರೆ ಕತೆ ಪುಸ್ತಕದವ್ರು ಕೊಡ್ತಾರಾ? ಸುಮ್ನೆ ಇರಕ್ಕೇಳಿ" ಎಂದಳು. ಮಕ್ಕಳಿಗೆ ಹೇಳಿದೆ. ಅವರು ಸುಮ್ಮನಾದರು. ಸೋಮವಾರ ಬಂದು ನೋಡಿದರೆ ಕಿಟಕಿಯ ಕಟ್ಟೆಯ ಮೇಲೆ ಲೋಟಗಳ ಸಾಲು. ಸ್ಟೀಲಿನವು, ಪ್ಲಾಸ್ಟಿಕ್ಕಿನವು, ಕಿವಿ ಮುರಿದ ಒಂದು ಪಿಂಗಾಣಿ ಕಪ್ಪು. ಆರನೇ ತರಗತಿಯವರು ಮನೆಯಿಂದ ತಂದು ಆಯಮ್ಮನ ಲೋಟದ ಪಕ್ಕ ಇಟ್ಟಿದ್ದರು. ಅಕ್ಕಪಕ್ಕ ಎಷ್ಟು ಒತ್ತಾಗಿ ಇಟ್ಟಿದ್ದರೆಂದರೆ ಅವಳದು ಯಾವುದೆಂದು ಅವಳಿಗೇ ತಕ್ಷಣ ಗೊತ್ತಾಗಲಿಲ್ಲ. ನನ್ನ ಶಿಷ್ಯೆಯ ಪುಸ್ತಕದಲ್ಲಿ ಲೋಟದ ಮಾತೇ ಇಲ್ಲ. ಇದು ಮಕ್ಕಳದೇ ಯೋಚನೆ.

ಆ ಸಾಲನ್ನು ನೋಡಿದಾಗಲೂ ನನಗೆ ಮೊದಲು ಬಂದದ್ದು ಇದೇ: ಇಷ್ಟು ವರ್ಷ ನನ್ನ ಒಂದು ಕಥೆಯೂ ಒಂದು ಲೋಟವನ್ನು ಜರುಗಿಸಲಿಲ್ಲ.

ಎರಡು ದಿನದಲ್ಲಿ ಒಬ್ಬ ಹುಡುಗನ ತಂದೆ ಹೆಡ್‌ಮಿಸ್ಟ್ರೆಸ್ ಕೋಣೆಗೆ ಬಂದರು. ಮಗ ಮನೆಯಲ್ಲಿ ಕೆಲಸದವರ ತಟ್ಟೆ ಯಾಕೆ ಬೇರೆ ಎಂದು ಅಜ್ಜಿಯನ್ನು ಕೇಳಿದನಂತೆ. ನನ್ನನ್ನೂ ಕರೆದರು.

"ಮಕ್ಕಳ ತಲೇಲಿ ರಾಜಕೀಯ ತುಂಬ್ತಿದ್ದೀರಿ" ಎಂದರು ಆತ. "ಆ ಪುಸ್ತಕ ಲೈಬ್ರರಿಯಿಂದ ತೆಗೀರಿ. ಸಣ್ಣ ಮಕ್ಕಳಿಗೆ ಹೊರಲಾಗದ ಭಾರ ಇದು."

ನನ್ನ ವರದಿಯನ್ನು ಆತ ಓದಿರಲು ಸಾಧ್ಯವಿರಲಿಲ್ಲ. ಆದರೂ ನನ್ನದೇ ಮಾತು. ನನ್ನ ಬಾಯಲ್ಲಿ ಸಾಹಿತ್ಯ ವಿಮರ್ಶೆಯಂತೆ ಕೇಳಿಸಿದ್ದು ಆತನ ಬಾಯಲ್ಲಿ ಏನೆಂದು ಸ್ಪಷ್ಟವಾಗಿತ್ತು: ನಮ್ಮ ಮನೆಯ ತಟ್ಟೆಗಳ ವಿಷಯಕ್ಕೆ ಬರಬೇಡಿ. ಹೆಡ್‌ಮಿಸ್ಟ್ರೆಸ್ ನನ್ನ ಕಡೆ ತಿರುಗಿ, "ನೀವು ಕನ್ನಡದವರು, ನೀವು ಹೇಳಿ. ತೆಗೆಯೋದಾ?" ಎಂದರು.

ಹೂಂ ಎಂದಿದ್ದರೆ ಅವಳ ಪುಸ್ತಕ ಮತ್ತೊಂದು ಕಡೆಯಿಂದಲೂ ಹೋಗುತ್ತಿತ್ತು. ಆ ಆಸೆ ಆಗಲೂ ಇತ್ತು. "ಇರಲಿ" ಎಂದೆ. ಧೈರ್ಯದಿಂದ ಅಂದದ್ದಲ್ಲ. ಆ ಮನುಷ್ಯನ ಪಕ್ಕದಲ್ಲಿ ನಿಲ್ಲಲು ಆಗಲಿಲ್ಲ, ಅಷ್ಟೆ. ಪುಸ್ತಕ ಉಳಿಯಿತು. ಹೆಡ್‌ಮಿಸ್ಟ್ರೆಸ್ ಸ್ಟಾಫ್ ರೂಮಿಗೆ ಒಂದೇ ನಮೂನೆಯ ಲೋಟಗಳನ್ನು ತರಿಸಿದರು. ಆಯಮ್ಮ ಈಗ ಅವುಗಳಲ್ಲೇ ಕಾಫಿ ಕುಡಿಯುತ್ತಾಳೆ. ಕೂತ್ಕೋ ಎಂದರೆ ಮಾತ್ರ ಕೂರುವುದಿಲ್ಲ, ನಿಂತೇ ಕುಡಿಯುತ್ತಾಳೆ.

ಇದಾದ ಒಂದು ತಿಂಗಳಿಗೆ, ಎಷ್ಟೋ ಕಾಲದ ಮೇಲೆ, ಒಂದು ಭಾನುವಾರ ಆ ಪುಸ್ತಕ ಬರೆದವಳು ಮನೆಗೆ ಬಂದಳು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಅದೇ ಕುರ್ಚಿಯಲ್ಲಿ, ಈ ಸಲ ಹಿಂದಕ್ಕೆ ಒರಗಿ ಕೂತಳು.

"ಬಹುಮಾನದವ್ರು ಒಂದು ಕಾಗದ ಕಳ್ಸಿದ್ರು ಮೇಡಂ. ಯಾಕೆ ಕೊಡ್ಲಿಲ್ಲ ಅಂತ ತೀರ್ಪುಗಾರ್ರ ಮಾತು ಬರ್ದಿದ್ರು. ಯಾರು ಅಂತ ಎಸ್ರು ಆಕಿಲ್ಲ." ಚೀಲದಿಂದ ಆ ಕಾಗದ ತೆಗೆದಳು. "ಎಳೆಮನಸ್ಸಿಗೆ ಹೊರಲಾರದ ಮೂಟೆ ಅಂತಿದೆ. ನನ್ ನೋಟ್‌ಬುಕ್‌ನಲ್ಲೂ ಅದೇ ಐತೆ. ಕೆಂಪು ಇಂಕಿನಲ್ಲಿ."

ಸುಳ್ಳು ಹೇಳುವ ಬದಲು ಅವಳ ಮುಂದೆ ಕಾಫಿ ಇಟ್ಟೆ.

"ನಮ್ ಮಕ್ಳು ಒರೋ ಮೂಟೆ ನಾನು ಪುಸ್ತಕದಲ್ಲಿ ಕೊಟ್ಟಿದ್ದಲ್ಲ ಮೇಡಂ" ಎಂದಳು. "ನಾನು ಬರೆಯೋಕೆ ಮುಂಚೇನೇ ಒತ್ಕೊಂಡಿದ್ರು. ಅದು ಅವ್ರೊಬ್ರದೇ ಅಲ್ಲ ಅಂತ ಏಳ್ದೆ, ಅಷ್ಟೇಯ. ಅದುಕ್ಕೆ ನೀವು ರಾಜಕೀಯ ಅಂದ್ರಿ. ಯಾಕಂದ್ರಿ ಅಂತ ತಿಳ್ಕೊಳಕ್ಕೆ ಬಂದೆ."

"ರಾಜಕೀಯ ಅಲ್ಲ" ಎಂದೆ. "ಹೊಟ್ಟೆಕಿಚ್ಚು ಕಣೇ. ನನಗೆ ಹಾಗೆ ಬರೆಯೋಕೆ ಬರಲಿಲ್ಲ, ನಿನಗೆ ಬಂತು."

ಅವಳು ನನ್ನ ಮುಖವನ್ನೇ ನೋಡಿದಳು. ಅಳುತ್ತಾಳೇನೋ, ಬೈಯುತ್ತಾಳೇನೋ ಎಂದುಕೊಂಡೆ. ಅವಳ ಮುಖ ಸ್ವಲ್ಪ ಸಡಿಲವಾಯಿತು. "ಅಂಗಂದ್ರೆ ಅರ್ಥ ಆಯ್ತದೆ" ಎಂದಳು. "ನಂಗೂ ಇತ್ತು ಮೇಡಂ. ಈ ಬೀರು ನೋಡ್ದಾಗೆಲ್ಲ. ಇಷ್ಟು ಪುಸ್ತಕ ಇರೋ ಮನೇಲಿ ಉಟ್ಟಿದ್ರೆ ನಾನು ಇನ್ನೆಂಗೆ ಬರೀತಿದ್ನೋ ಅಂತ. ಆದ್ರೆ ನಾನು ನಿಮ್ ಬೀರುಗೆ ಬೆಂಕಿ ಇಕ್ಕಲಿಲ್ಲ."

ಕಾಫಿ ಕುಡಿಯದೆ ಎದ್ದು ಹೋದಳು. ನಾನು ಗೇಟಿನವರೆಗೂ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ.

ಮಾರನೆಯ ದಿನ ಟ್ರಸ್ಟಿನವರಿಗೂ ಉಳಿದ ಇಬ್ಬರು ತೀರ್ಪುಗಾರರಿಗೂ ಪತ್ರ ಬರೆದೆ. ನಾನು ಹೇಳಿದ್ದು ನ್ಯಾಯವಾಗಿರಲಿಲ್ಲ, ಅದಕ್ಕೆ ಕಾರಣ ಪುಸ್ತಕದಲ್ಲಿರಲಿಲ್ಲ, ನನ್ನಲ್ಲಿತ್ತು ಎಂದು ಬರೆದೆ. ಟ್ರಸ್ಟಿನವರು ಸೌಜನ್ಯದಿಂದ ಉತ್ತರಿಸಿದರು, ತೀರ್ಪು ಆಗಿಹೋಗಿದೆ ಎಂದರು. ಪ್ರಾಧ್ಯಾಪಕರು ಉತ್ತರ ಕೊಡಲಿಲ್ಲ. ಆಮೇಲೆ ಒಂದು ಸಭೆಯಲ್ಲಿ ಎದುರಾದಾಗ ನಮಸ್ಕಾರ ಮಾಡಿ ಬೇರೆ ಕಡೆ ತಿರುಗಿದರು. ಪತ್ರದ ಒಂದು ಪ್ರತಿಯನ್ನು ಅವಳಿಗೂ ಕಳಿಸಿದ್ದೆ. 'ಸಿಕ್ಕಿತು ಮೇಡಂ' ಎಂದು ಫೋನಿಗೆ ಒಂದು ಸಾಲಿನ ಸಂದೇಶ ಬಂತು.

ಅವಳ ಎರಡನೆಯ ಪುಸ್ತಕ ಈಚೆಗೆ ಬಂದಿದೆ. ನನಗೆ ಪ್ರತಿ ಕಳಿಸಲಿಲ್ಲ. ಅಂಗಡಿಗೆ ಹೋಗಿ ನಿಂತಲ್ಲೇ ಮೂರು ಅಧ್ಯಾಯ ಓದಿದೆ. ಮೊದಲನೆಯದಕ್ಕಿಂತ ಚೆನ್ನಾಗಿದೆ. ಹೊಟ್ಟೆ ಉರಿಯಿತು. ಎರಡು ಪ್ರತಿ ಕೊಂಡೆ, ಒಂದು ಮನೆಗೆ, ಒಂದು ಲೈಬ್ರರಿಗೆ.

ನಾನು ಮೋಡ, ಗಿಣಿಗಳನ್ನು ಬರೆಯುವುದು ನಿಲ್ಲಿಸಿ ಒಂದು ವರ್ಷದ ಮೇಲಾಯಿತು. ಈಗ ಬೇರೊಂದು ಬರೆಯುತ್ತಿದ್ದೇನೆ. ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಿಲಿಗೆ ಹಿಂದಿನ ಓಣಿಯಿಂದ ಒಂದು ಸಣ್ಣ ಬಾಗಿಲಿತ್ತು. ಬಚ್ಚಲು, ಪಾಯಖಾನೆ ತೊಳೆಯುವ ಹೆಂಗಸು ಆ ಬಾಗಿಲಿನಿಂದಲೇ ಬರಬೇಕಿತ್ತು. ಅವಳ ಜೊತೆ ನನ್ನದೇ ವಯಸ್ಸಿನ ಮಗಳು ಬರುತ್ತಿದ್ದಳು. ಒಂದು ದಿನ ಅವಳು ನನ್ನ ಬಣ್ಣದ ಪೆನ್ಸಿಲ್ ಮುಟ್ಟಿದಳೆಂದು ನಾನು ಅಜ್ಜಿಗೆ ದೂರು ಹೇಳಿದೆ. ಮರುದಿನದಿಂದ ಆ ಮಗು ಓಣಿಯಲ್ಲೇ ನಿಂತಿರುತ್ತಿತ್ತು. ಹನ್ನೆರಡು ಪುಟ ಬರೆದು, ಅಜ್ಜಿಗೆ ಹೇಳುವ ಜಾಗಕ್ಕೆ ಬಂದು ಎರಡು ತಿಂಗಳು ಅಲ್ಲೇ ನಿಂತುಬಿಟ್ಟಿದ್ದೆ. ಹೇಳಿದ್ದು ಬೇರೆ ಯಾರೋ ಎಂದು ಮಾಡಿಬಿಡಲೇ ಎಂದು ಎಷ್ಟು ಸಲ ಅನ್ನಿಸಿತೋ.

ಕೊನೆಗೆ ನನ್ನ ಹಳೆಯ ಶಿಷ್ಯೆಗೇ ಫೋನ್ ಮಾಡಿದೆ. ತೆಗೆಯುವುದಿಲ್ಲ ಎಂದುಕೊಂಡಿದ್ದೆ, ತೆಗೆದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕಡೆಯಿಂದ ಮಗುವಿನ ಗಲಾಟೆ ಕೇಳಿಸುತ್ತಿತ್ತು.

"ಏಳಿದ್ದು ನೀವೇ ಅಂತ್ಲೇ ಬರೀರಿ ಮೇಡಂ" ಎಂದಳು. "ನಿಮ್ ಇತ್ಲ ಬಾಗ್ಲು ಒಳಗಿಂದ ಎಂಗೆ ಕಾಣ್ತದೆ ಅಂತ ನಂಗೊತ್ತಿಲ್ಲ. ಅದು ನನ್ ಕೈಲಿ ಬರೆಯೋಕಾಗಲ್ಲ."

ಅವಳ ಕೈಲಿ ಬರೆಯಲು ಆಗದ್ದು ಒಂದಿದೆ ಎಂದು ಕೇಳಿದಾಗ ನನಗೆ ಖುಷಿಯಾಯಿತು. ಅದು ಒಳ್ಳೆಯ ಖುಷಿಯಲ್ಲ, ನನಗೆ ಗೊತ್ತು. ಫೋನ್ ಇಟ್ಟು, ಆ ಖುಷಿ ಆರುವ ಮೊದಲೇ ಮೇಜಿನ ಮುಂದೆ ಕೂತು, ಪೆನ್ಸಿಲ್ ಮುಟ್ಟಿದ್ದನ್ನು ಅಜ್ಜಿಗೆ ಹೇಳಿದವಳು ನಾನೇ ಎಂದು ಬರೆದೆ.